ಎಕರೆ ಜಾಗಕ್ಕೆ ಪರ್ಮಾಕಲ್ಚರ್ ನಕ್ಷೆ: ಕರಾವಳಿಯಲ್ಲಿ ಎಲ್ಲಿಂದ ಶುರು ಮಾಡಬೇಕು?

ಉಡುಪಿ, ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಪಾಲುಪಟ್ಟಿ ಆದ ಮೇಲೆ ಒಂದು ಕುಟುಂಬಕ್ಕೆ ಉಳಿಯುವುದು ಸಾಮಾನ್ಯವಾಗಿ ಒಂದೋ ಒಂದೂವರೆಯೋ ಎಕರೆ. ಅದರಲ್ಲಿ ಸ್ವಲ್ಪ ಗುಡ್ಡೆ, ಸ್ವಲ್ಪ ಹಳೆ ತೋಟ, ಹಡಿಲು ಬಿದ್ದ ಒಂದು ಗದ್ದೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ಒಂದೇ ಬೆಳೆಯನ್ನು ನಂಬುವ ಧೈರ್ಯ ಕಡಿಮೆಯಾಗಿದೆ. ಏಪ್ರಿಲ್ ಬರುವಷ್ಟರಲ್ಲಿ ಬಾವಿಯ ತಳ ಕಾಣುತ್ತದೆ. ಮುಂಬೈಯಿಂದ, ಗಲ್ಫ್‌ನಿಂದ ಊರಿಗೆ ಮರಳಿದವರು "ಇಷ್ಟು ಜಾಗದಲ್ಲಿ ಏನು ಮಾಡಬಹುದು" ಎಂದು ಹುಡುಕಲು ಹೊರಟರೆ ಮೊಬೈಲಿನಲ್ಲಿ ಮೊದಲು ಸಿಗುವ ಪದ ಪರ್ಮಾಕಲ್ಚರ್.

ಆದರೆ ಆ ವೀಡಿಯೊಗಳಲ್ಲಿ ತೋರಿಸುವುದು ಹೆಚ್ಚಾಗಿ ಮಳೆ ಕಡಿಮೆ ಇರುವ ಊರುಗಳ ವಿಧಾನ. ಅಲ್ಲಿ ಬಿದ್ದ ಪ್ರತಿ ಹನಿಯನ್ನೂ ತಡೆದು ನಿಲ್ಲಿಸಬೇಕು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಅದನ್ನೇ ಮಾಡಿದರೆ ಅಡಿಕೆಯ ಬೇರು ಕೊಳೆಯುತ್ತದೆ, ಗುಡ್ಡೆಯೂ ಜಾರಬಹುದು. ಕರಾವಳಿಯಲ್ಲಿ ನಾಲ್ಕು ತಿಂಗಳು ನೀರನ್ನು ನಿಧಾನವಾಗಿ, ಸುರಕ್ಷಿತವಾಗಿ ಹೊರಗೆ ಕಳಿಸಬೇಕು. ಉಳಿದ ಎಂಟು ತಿಂಗಳು ಅದನ್ನು ಹಿಡಿದಿಡಬೇಕು. ಒಂದೇ ನಕ್ಷೆಯಲ್ಲಿ ಈ ಎರಡೂ ಕೆಲಸ ಆಗಬೇಕು.

ಪರ್ಮಾಕಲ್ಚರ್ ಅಂದರೆ ಏನು?

1970ರ ದಶಕದಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ರೂಪಿಸಿದ ಯೋಜನಾ ಪದ್ಧತಿ ಇದು. ಸಾವಯವ ಕೃಷಿ ಯಾವ ಗೊಬ್ಬರ, ಯಾವ ಔಷಧಿ ಎಂಬುದನ್ನು ಹೇಳಿದರೆ, ಪರ್ಮಾಕಲ್ಚರ್ ಅದಕ್ಕಿಂತ ಮೊದಲಿನ ಪ್ರಶ್ನೆಗಳನ್ನು ಕೇಳುತ್ತದೆ: ಯಾವುದು ಎಲ್ಲಿರಬೇಕು? ಯಾವುದರ ಪಕ್ಕ ಯಾವುದು? ಒಂದರ ಕಸ ಇನ್ನೊಂದಕ್ಕೆ ಆಹಾರ ಆಗುವುದು ಹೇಗೆ?

ಹಟ್ಟಿಯನ್ನು (ದನದ ಕೊಟ್ಟಿಗೆ) ತೋಟಕ್ಕಿಂತ ಮೇಲ್ಭಾಗದಲ್ಲಿ ಕಟ್ಟಿದರೆ ಗೊಬ್ಬರ ಇಳಿಜಾರಿನಲ್ಲಿ ಇಳಿಯುತ್ತದೆ, ಸ್ಲರಿ ಪೈಪಿನಲ್ಲಿ ತಾನಾಗಿ ಹರಿಯುತ್ತದೆ. ತೋಟದ ಕೆಳಗೆ ಕಟ್ಟಿದರೆ ಪ್ರತಿ ಬುಟ್ಟಿಯನ್ನೂ ತಲೆಯ ಮೇಲೆ ಹೊತ್ತು ಹತ್ತಬೇಕು, ಅದೂ ಮೂವತ್ತು ವರ್ಷ. ಹಟ್ಟಿಯೂ ಅದೇ, ದನವೂ ಅದೇ. ಬದಲಾದದ್ದು ಜಾಗ ಮಾತ್ರ. ಪರ್ಮಾಕಲ್ಚರಿನ ಬಹುಪಾಲು ಇಂಥ ತೀರ್ಮಾನಗಳೇ.

ತುಳುನಾಡಿನ ಹಳೆಯ ಒಕ್ಕಲು ಮನೆಗಳಲ್ಲಿ ಇದರ ಅರ್ಧ ಆಗಲೇ ಇತ್ತು. ಬಚ್ಚಲಿನ ಹಿಂದೆ ಬಸಳೆ ಚಪ್ಪರ, ಗುಡ್ಡೆಯ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ, ಇಳಿಜಾರಿನಲ್ಲಿ ಮಳೆನೀರು ನಿಲ್ಲುವ ಮದಕ (ಕೆರೆ), ತೋಡಿಗೆ (ಸಣ್ಣ ಹೊಳೆ) ಪ್ರತಿ ವರ್ಷ ಕಟ್ಟ (ತಾತ್ಕಾಲಿಕ ಒಡ್ಡು). ಭೂಮಿಯನ್ನು ನೀರಿನ ಮಟ್ಟ ನೋಡಿ ತಗ್ಗಿನದು ಬೈಲು, ನಡುವಿನದು ಮಜಲು, ಎತ್ತರದ್ದು ಬೆಟ್ಟು ಎಂದು ವಿಂಗಡಿಸಿದ್ದು ಕೂಡ ಇದೇ ಯೋಚನೆ. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ; ಮಜಲಿನಲ್ಲಿ ಎರಡು; ಬೆಟ್ಟಿನಲ್ಲಿ ಒಂದೇ.

ಮೊದಲ ಲೆಕ್ಕ: ನೀರು ಎಷ್ಟು ಬೀಳುತ್ತದೆ, ಎಷ್ಟು ಬೇಕು?

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಸಾಕು.

ಈ ಲೇಖನದುದ್ದಕ್ಕೂ 125 ಸೆಂಟ್ಸ್ ಜಾಗವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: ಮೇಲೆ 40 ಸೆಂಟ್ಸ್ ಗುಡ್ಡೆ, ನಡುವೆ 15 ಸೆಂಟ್ಸ್ ಮನೆ ಮತ್ತು ಹಿತ್ತಿಲು, ಅದರ ಕೆಳಗೆ 45 ಸೆಂಟ್ಸ್ ತೋಟ, ತೋಡಿನ ಬದಿಯಲ್ಲಿ 25 ಸೆಂಟ್ಸ್ ಗದ್ದೆ. ಒಂದು ಸೆಂಟ್ ಅಂದರೆ 40.47 ಚದರ ಮೀಟರ್. ಒಟ್ಟು ಸುಮಾರು 5,060 ಚದರ ಮೀಟರ್ ಆಯಿತು. ವರ್ಷಕ್ಕೆ 4,000 ಮಿ.ಮೀ. ಮಳೆ ಎಂದು ಹಿಡಿದರೆ ಈ ಜಾಗದ ಮೇಲೆ ಬೀಳುವ ನೀರು ಎರಡು ಕೋಟಿ ಲೀಟರ್.

ಈಗ ಖರ್ಚು. ಜನವರಿಯಿಂದ ಮೇ ಕೊನೆಯವರೆಗೆ 150 ದಿನ. ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. 150 ಮರಕ್ಕೆ ಐದು ತಿಂಗಳಿಗೆ ಸುಮಾರು 4 ಲಕ್ಷ ಲೀಟರ್. ತೆಂಗಿಗೆ ದಿನಕ್ಕೆ 35 ಲೀಟರಿನಂತೆ 15 ಮರಕ್ಕೆ 79 ಸಾವಿರ. ಎರಡು ಸೆಂಟ್ಸ್ ತರಕಾರಿಗೆ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಎಂದರೆ 60 ಸಾವಿರ. ಐದು ಜನರ ಮನೆಖರ್ಚಿಗೆ ಒಂದು ಲಕ್ಷ, ಎರಡು ದನಗಳಿಗೆ 18 ಸಾವಿರ. ಎಲ್ಲ ಸೇರಿ ಆರೂವರೆ ಲಕ್ಷ ಲೀಟರಿನ ಆಸುಪಾಸು.

ಬೀಳುವ ನೀರಿನಲ್ಲಿ ಇದು ನೂರಕ್ಕೆ ನಾಲ್ಕು ಪಾಲೂ ಅಲ್ಲ. ಆದರೂ ಬಾವಿ ಬತ್ತುತ್ತದೆ. ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಮಳೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು, ಗಂಟೆಗಳೊಳಗೆ ತೋಡಿಗೆ ಸೇರಿ, ಸಮುದ್ರಕ್ಕೆ ಹೋಗುತ್ತದೆ. ಹಾಗಾಗಿ ಎಲ್ಲ ಮಳೆಯನ್ನೂ ಹಿಡಿಯಬೇಕಾಗಿಲ್ಲ. ಸ್ವಲ್ಪವೇ ಸ್ವಲ್ಪ, ಆದರೆ ಸರಿಯಾದ ಜಾಗದಲ್ಲಿ ಇಂಗಿದರೆ ಸಾಕು.

ನಿಮ್ಮ ಜಾಗಕ್ಕೂ ಈ ಲೆಕ್ಕ ಮಾಡಿ. ಎಷ್ಟು ಅಡಿಕೆ ನೆಡಬಹುದು ಎಂಬುದು ಜಾಗದ ವಿಸ್ತಾರದಿಂದ ತೀರ್ಮಾನವಾಗುವುದಿಲ್ಲ, ಮೇ ತಿಂಗಳ ಬಾವಿಯಿಂದ ತೀರ್ಮಾನವಾಗುತ್ತದೆ.

ಮೊದಲ ವರ್ಷ: ನೋಡಿ, ಬರೆದಿಡಿ

ಜಾಗ ಕೈಗೆ ಬಂದ ತಕ್ಷಣ ಜೆಸಿಬಿ ಕರೆಸುವುದು ಅತಿ ದುಬಾರಿ ತಪ್ಪು. ಕನಿಷ್ಠ ಒಂದು ಮಳೆಗಾಲ, ಒಂದು ಬೇಸಿಗೆ ನೋಡಬೇಕು. ಆ ವರ್ಷ ತರಕಾರಿ ಬೆಳೆಯಿರಿ, ಬಾಳೆ ಇಡಿ, ಬೇಲಿಗೆ ಗ್ಲಿರಿಸಿಡಿಯಾ (ಗೊಬ್ಬರದ ಸೊಪ್ಪಿನ ಗಿಡ) ಊರಿ. ಶಾಶ್ವತವಾದದ್ದನ್ನು ಮಾತ್ರ ಮಾಡಬೇಡಿ.

ಮೇ ಕೊನೆಯಲ್ಲಿ ಬಾವಿಯ ನೀರು ಎಷ್ಟು ಆಳದಲ್ಲಿದೆ ಎಂದು ಹಗ್ಗ ಇಳಿಸಿ ಅಳೆದು ಬರೆದಿಡಿ. ಪಂಪ್ ಚಾಲೂ ಮಾಡಿ ಎಷ್ಟು ನಿಮಿಷಕ್ಕೆ ನೀರು ಖಾಲಿಯಾಗುತ್ತದೆ, ಮತ್ತೆ ಅಷ್ಟೇ ಮಟ್ಟಕ್ಕೆ ಬರಲು ಎಷ್ಟು ಗಂಟೆ ಬೇಕು ಎಂಬುದನ್ನೂ ನೋಡಿ. ಜೂನ್, ಜುಲೈ ತಿಂಗಳಲ್ಲಿ ಜಡಿಮಳೆ ಬರುವಾಗಲೇ ಕೊಡೆ ಹಿಡಿದು ಜಾಗ ಸುತ್ತಬೇಕು. ಪಕ್ಕದ ಜಾಗದ ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಕೆಂಪಾಗಿ ಹರಿಯುತ್ತದೆ, ಎಲ್ಲಿ ತಿಳಿಯಾಗಿ ಹರಿಯುತ್ತದೆ? ಕೆಂಪು ನೀರು ಹೊತ್ತೊಯ್ಯುತ್ತಿರುವುದು ನಿಮ್ಮ ಮೇಲ್ಮಣ್ಣನ್ನು. ಮಳೆ ನಿಂತು ಎರಡು ದಿನವಾದರೂ ನೀರು ನಿಲ್ಲುವ ಜಾಗಕ್ಕೆ ಗೂಟ ಹೊಡೆಯಿರಿ. ಅಲ್ಲಿ ಕಾಳುಮೆಣಸು ಉಳಿಯುವುದಿಲ್ಲ, ಕೆಸು ಚೆನ್ನಾಗಿ ಬರುತ್ತದೆ.

ಹೊರಗಿನಿಂದ ಜಾಗದೊಳಕ್ಕೆ ಬರುವ ಬಿಸಿಲು, ಗಾಳಿ, ಬೆಂಕಿ, ಕಾಡುಪ್ರಾಣಿ ಇವುಗಳ ದಿಕ್ಕನ್ನು ಪರ್ಮಾಕಲ್ಚರಿನಲ್ಲಿ ಸೆಕ್ಟರ್ ಎನ್ನುತ್ತಾರೆ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಮಧ್ಯಾಹ್ನದ ನೈಋತ್ಯ ಬಿಸಿಲು ಅಡಿಕೆಯ ಕಾಂಡವನ್ನು ಸುಟ್ಟು ಬಿರುಕು ಬಿಡಿಸುತ್ತದೆ. ಆದ್ದರಿಂದ ತೋಟದ ದಕ್ಷಿಣ ಮತ್ತು ಪಶ್ಚಿಮ ಅಂಚಿಗೆ ಎತ್ತರದ ನೆರಳು ಮರಗಳ ಸಾಲು ಬೇಕು. ಮಳೆಗಾಲದ ಗಾಳಿಯೂ ಅದೇ ಕಡೆಯಿಂದ. ಒಂದೇ ಸಾಲು ಎರಡು ಕೆಲಸ ಮಾಡುತ್ತದೆ. ಗುಡ್ಡೆಯಲ್ಲಿ ಮುಳಿಹುಲ್ಲು ಇದ್ದರೆ ಬೇಸಿಗೆಯ ಬೆಂಕಿ ಅಲ್ಲಿಂದಲೇ ಬರುವುದು. ಮಂಗ, ಹಂದಿ, ನವಿಲು ಯಾವ ಬದಿಯಿಂದ ಇಳಿಯುತ್ತವೆ ಎಂದು ನೆರೆಯವರಲ್ಲಿ ಕೇಳಿ. ಆ ಬದಿಗೆ ಮರಗೆಣಸು, ಬಾಳೆ ಇಡದಿರುವುದೇ ಒಳ್ಳೆಯದು.

ಅಕ್ಟೋಬರ್‌ನಲ್ಲಿ ಕೂತು ನಕ್ಷೆ ಬಿಡಿಸಿ. ಒಂದು ಸೆಂಟಿಮೀಟರಿಗೆ ಎರಡು ಮೀಟರ್ ಅಳತೆ ಸಾಕು. ನಮ್ಮ 125 ಸೆಂಟ್ಸ್ ಒಂದು ದೊಡ್ಡ ಹಾಳೆಯೊಳಗೆ ಕೂರುತ್ತದೆ. ಗಡಿಯನ್ನು ಪಹಣಿ, ಸರ್ವೆ ನಕ್ಷೆ ನೋಡಿಯೇ ಹಾಕಬೇಕು. ಕುಮ್ಕಿ ಜಾಗವನ್ನು ಬೇರೆ ಬಣ್ಣದಲ್ಲಿ ಗುರುತಿಸಿ: ಅಲ್ಲಿ ಸೊಪ್ಪು, ತರಗೆಲೆ ತರುವಂಥ ಸವಲತ್ತು ಅದಕ್ಕೆ ತಾಗಿದ ವರ್ಗ (ಖಾಸಗಿ ಹಿಡುವಳಿ) ಜಾಗದವರಿಗೆ ಇದೆ, ಆದರೆ ಭೂಮಿ ಸರ್ಕಾರದ್ದು. ನಿಮ್ಮ ಬಾವಿ, ಕೆರೆಗಳ ಯೋಜನೆ ಅದರ ಮೇಲೆ ನಿಲ್ಲಬಾರದು.

ಸಮಮಟ್ಟದ ಗೆರೆ ಎಳೆಯುವುದು ಹೇಗೆ?

ಇಳಿಜಾರಿನ ಮೇಲೆ ಒಂದೇ ಎತ್ತರದಲ್ಲಿರುವ ಬಿಂದುಗಳನ್ನು ಸೇರಿಸಿದರೆ ಸಮಮಟ್ಟದ ಗೆರೆ ಸಿಗುತ್ತದೆ. ಈ ಗೆರೆಯುದ್ದಕ್ಕೂ ಗಿಡ ನೆಟ್ಟರೆ, ಬದು ಹಾಕಿದರೆ ನೀರು ಒಂದೇ ಕಡೆ ನುಗ್ಗುವುದಿಲ್ಲ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಅರ್ಧ ಅಡಿ ತಪ್ಪಿದರೂ ನೀರೆಲ್ಲ ಆ ತಗ್ಗಿಗೆ ಬಂದು ಬದು ಒಡೆಯುತ್ತದೆ.

ಬೇಕಾಗುವುದು ಇಂಗ್ಲಿಷಿನ A ಅಕ್ಷರದ ಆಕಾರದ ಚೌಕಟ್ಟು. ಎರಡು ಮೀಟರ್ ಉದ್ದದ ಎರಡು ಬಿದಿರು ಅಥವಾ ಅಡಿಕೆ ದಬ್ಬೆಗಳ ತುದಿ ಸೇರಿಸಿ ಬಿಗಿಯಾಗಿ ಕಟ್ಟಿ. ಕಾಲುಗಳ ನಡುವೆ ಎರಡು ಮೀಟರಿನಷ್ಟು ಅಂತರ ಬಿಟ್ಟು, ನಡುಮಟ್ಟದಲ್ಲಿ ಒಂದು ಅಡ್ಡಪಟ್ಟಿ ಕಟ್ಟಿ. ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಅಡ್ಡಪಟ್ಟಿಗಿಂತ ಕೆಳಗೆ ಬರುವಂತೆ ತೂಗಬಿಡಿ. ಈಗ ಚೌಕಟ್ಟನ್ನು ನಿಲ್ಲಿಸಿ, ಎರಡೂ ಕಾಲಿನ ಜಾಗಕ್ಕೆ ಗೂಟ ಹೊಡೆದು, ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಪೆನ್ಸಿಲ್ ಗುರುತು ಹಾಕಿ. ಚೌಕಟ್ಟನ್ನು ತಿರುಗಿಸಿ ಕಾಲುಗಳನ್ನು ಅದಲುಬದಲು ಇಟ್ಟು ಇನ್ನೊಂದು ಗುರುತು. ಎರಡು ಗುರುತುಗಳ ಸರಿ ಮಧ್ಯವೇ ಸಮಮಟ್ಟ.

ಆಮೇಲೆ ಒಂದು ಕಾಲನ್ನು ಊರಿ, ದಾರ ಮಧ್ಯದ ಗುರುತಿಗೆ ಬರುವವರೆಗೆ ಇನ್ನೊಂದು ಕಾಲನ್ನು ಇಳಿಜಾರಿನಲ್ಲಿ ಮೇಲೆ ಕೆಳಗೆ ಸರಿಸಿ, ಅಲ್ಲಿ ಗೂಟ ಹೊಡೆಯಿರಿ. ಹಾಗೆಯೇ ಹೆಜ್ಜೆ ಹೆಜ್ಜೆ ಮುಂದುವರಿಯಿರಿ. ಗಾಳಿ ಇರುವ ಹೊತ್ತಿನಲ್ಲಿ ಬೇಡ, ದಾರ ನಿಲ್ಲುವುದಿಲ್ಲ. ಬೆಳಿಗ್ಗೆ ಬೇಗ ಮಾಡಿದರೆ ಕೆಲಸ ಚೊಕ್ಕ. ಗೂಟಗಳ ಸಾಲು ಅಂಕುಡೊಂಕಾಗಿ ಕಂಡರೆ ಅದನ್ನು ನೇರ ಮಾಡಲು ಹೋಗಬೇಡಿ. ಆ ಡೊಂಕೇ ನಿಮ್ಮ ಗುಡ್ಡೆಯ ನಿಜವಾದ ಆಕಾರ.

ಇಂಗುಗುಂಡಿ ಎಲ್ಲಿ ಬೇಕು, ಎಲ್ಲಿ ಬೇಡವೇ ಬೇಡ

ಸಣ್ಣ ಇಂಗುಗುಂಡಿಗೆ ಒಂದೂವರೆ ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳ ಸರಿಯಾದ ಅಳತೆ. ತೆಗೆದ ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿ, ಅದರ ಮೇಲೆ ಅನಾನಸು ಅಥವಾ ಲಾವಂಚ ಎರಡು ಸಾಲು ನೆಡಬೇಕು. ಬೇರು ಹಿಡಿಯದ ಬದು ಮೊದಲ ಮಳೆಗಾಲವನ್ನೇ ದಾಟುವುದಿಲ್ಲ. ಗುಂಡಿಗಳು ಒಂದರ ಕೆಳಗೊಂದು ನೇರವಾಗಿ ಬಾರದೆ, ಮೇಲಿನ ಸಾಲಿನ ಎರಡು ಗುಂಡಿಗಳ ನಡುವಿನ ಜಾಗಕ್ಕೆ ಕೆಳಗಿನ ಸಾಲಿನ ಗುಂಡಿ ಬರಲಿ.

ಇವುಗಳಿಂದ ಎಷ್ಟು ನಿರೀಕ್ಷಿಸಬಹುದು? ಒಂದು ಗುಂಡಿಗೆ ಹಿಡಿಯುವುದು 375 ಲೀಟರ್. ಇಪ್ಪತ್ತು ಗುಂಡಿಗೆ 7,500. ಒಂದೇ ದಿನ 100 ಮಿ.ಮೀ. ಮಳೆ ಕರಾವಳಿಯಲ್ಲಿ ಅಪರೂಪವಲ್ಲ. ಅಂಥ ದಿನ ನಮ್ಮ 40 ಸೆಂಟ್ಸ್ ಗುಡ್ಡೆಯ ಮೇಲೆ ಬೀಳುವುದು 1,60,000 ಲೀಟರ್. ಅಂದರೆ ಐದು ಮಿಲಿಮೀಟರ್ ಮಳೆ ಹರಿದು ಬಂದರೇ ಎಲ್ಲ ಗುಂಡಿಗಳೂ ಭರ್ತಿ. ಉಳಿದ ನೀರಿಗೆ ದಾರಿ ಮೊದಲೇ ಇರಬೇಕು. ಪ್ರತಿ ಸಾಲಿನ ಒಂದು ತುದಿಯಲ್ಲಿ, ಬದುವಿನ ತಲೆಗಿಂತ ಅರ್ಧ ಅಡಿ ಕೆಳಗೆ ಮುರಕಲ್ಲು (ಜಂಬಿಟ್ಟಿಗೆ) ಹಾಸಿದ ಕೋಡಿ, ಅಲ್ಲಿಂದ ಹುಲ್ಲು ಬೆಳೆದ ಕಣಿಯ (ಚರಂಡಿಯ) ಮೂಲಕ ತೋಡಿಗೆ. ಕೋಡಿ ಇಲ್ಲದ ಇಂಗುಗುಂಡಿ ಇಲ್ಲದಿರುವುದೇ ಮೇಲು.

ಹಾಗಾದರೆ ಗುಂಡಿಯ ಪ್ರಯೋಜನ ಯಾವಾಗ? ಮೇ ತಿಂಗಳ ಬಿಡಿ ಮಳೆ, ಸೆಪ್ಟೆಂಬರ್ ಅಕ್ಟೋಬರ್‌ನ ಗುಡುಗು ಮಳೆ. ಬಿಟ್ಟು ಬಿಟ್ಟು ಬರುವ ಆ ಮಳೆ ನೆಲದೊಳಗೆ ಇಳಿಯಲು ಸಮಯ ಸಿಗುತ್ತದೆ. ಆದ್ದರಿಂದ ಸೆಪ್ಟೆಂಬರ್ ಮೊದಲ ವಾರ ಗುಂಡಿಯ ಹೂಳು ತೆಗೆಯುವುದು ವರ್ಷದ ಮುಖ್ಯ ಕೆಲಸ. ತೆಗೆದ ಹೂಳು ಒಳ್ಳೆಯ ಮಣ್ಣು, ಬಾಳೆಯ ಬುಡಕ್ಕೆ ಹಾಕಿ.

ಈಗ ಅಪಾಯದ ಮಾತು. ನಮ್ಮ ನೆಲದಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಗೋಡೆಯಂತೆ ನಿಲ್ಲುತ್ತದೆ. ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಮನೆ ಕಟ್ಟಲು, ರಸ್ತೆ ಮಾಡಲು ಗುಡ್ಡೆಯನ್ನು ನೇರವಾಗಿ ಕತ್ತರಿಸಿ ಎತ್ತರದ ಬರೆ ಮಾಡಿದ್ದರೆ, ಆ ಬರೆಯ ಮೇಲ್ಭಾಗದಲ್ಲಿ ಇಂಗುಗುಂಡಿ, ಅಗಳು, ಕೆರೆ ಯಾವುದನ್ನೂ ತೋಡಬಾರದು. ಇಂಗಿಸಿದ ನೀರು ನೇರವಾಗಿ ಶೇಡಿಗೆ ಇಳಿದು ಬರೆ ಮನೆಯ ಮೇಲೆ ಬರುತ್ತದೆ. ಗುಡ್ಡ ಜರಿದು ಜೀವ ಹೋದ ಮಳೆಗಾಲಗಳನ್ನು ಕಂಡ ಜಿಲ್ಲೆಗಳಿವು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಅಂಥ ಕಡೆ ಬರೆಯ ಮೇಲಿನ ನೀರನ್ನು ಕಲ್ಲು ಕಟ್ಟಿದ ಕಣಿಯಲ್ಲಿ ಬದಿಗೆ ತಿರುಗಿಸಿ ಹೊರಗೆ ಕಳಿಸಬೇಕು. ನೂರು ಅಡಿಗೆ ಹದಿನೈದು ಅಡಿಗಿಂತ ಹೆಚ್ಚು ಇಳಿಯುವ ಜಾಗದಲ್ಲಿಯೂ ಗುಂಡಿ ಬೇಡ. ಸಮಮಟ್ಟದ ಗೆರೆಯಲ್ಲಿ ಲಾವಂಚ, ಅನಾನಸಿನ ಸಾಲು, ನಡುವೆ ಮರ, ಅಷ್ಟೇ.

ಮಾಡಿನ (ಛಾವಣಿಯ) ನೀರು ಇನ್ನೂ ಸುಲಭದ ಮೂಲ. ನೂರು ಚದರ ಮೀಟರ್ ಮಾಡಿನಿಂದ ಒಂದು ಮಳೆಗಾಲಕ್ಕೆ ಮೂರು ಲಕ್ಷ ಲೀಟರ್ ಸಿಗುತ್ತದೆ. 200 ಲೀಟರಿನ ಡ್ರಮ್ಮಿನಲ್ಲಿ ತಳಕ್ಕೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಇದ್ದಿಲು, ಮರಳು ಹಾಕಿ ಸೋಸಿ ಬಾವಿಗೆ ಬಿಡಬಹುದು. ಮೊದಲ ಎರಡು ಮೂರು ಮಳೆಯ ನೀರು ಹೊರಗೆ ಹೋಗಲಿ. ಅಡಿಕೆಗೆ ಮದ್ದು ಬಿಟ್ಟ ದಿನವೂ ಪೈಪನ್ನು ಬಾವಿಯಿಂದ ತಪ್ಪಿಸಿಡಬೇಕು, ಮದ್ದಿನಲ್ಲಿರುವ ಮೈಲುತುತ್ತು (ತಾಮ್ರದ ಸಲ್ಫೇಟ್) ಮಾಡಿನ ಮೇಲೂ ಬೀಳುತ್ತದೆ.

ವಲಯಗಳು: ದಿನಕ್ಕೆ ಎಷ್ಟು ಸಲ ಹೋಗುತ್ತೀರಿ?

ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಒಲೆಯ ಪಕ್ಕ ಇರುತ್ತದೆ, ಉಪ್ಪಿನಕಾಯಿ ಭರಣಿ ಅಟ್ಟದಲ್ಲಿ ಇರುತ್ತದೆ. ದಿನಕ್ಕೆ ಎಷ್ಟು ಸಲ ಕೈ ಹೋಗುತ್ತದೆ ಎಂಬುದೇ ಜಾಗ ನಿರ್ಧರಿಸುತ್ತದೆ. ಪರ್ಮಾಕಲ್ಚರಿನ ವಲಯಗಳೂ ಅದೇ ಲೆಕ್ಕ.

ಮನೆ ಸೊನ್ನೆ. ಅಂಗಳ ಮತ್ತು ಅಡುಗೆಮನೆ ಬಾಗಿಲಿನಿಂದ ಇಪ್ಪತ್ತು ಹೆಜ್ಜೆಯೊಳಗೆ ಒಂದನೇ ವಲಯ: ಬಸಳೆ, ತೊಂಡೆ ಚಪ್ಪರ, ಹರಿವೆ, ಕರಿಬೇವು, ಕಾಯಿಮೆಣಸು, ಅರಶಿನ. ಎರಡನೆಯದು ಹಟ್ಟಿ, ಕೋಳಿಗೂಡು, ನುಗ್ಗೆ, ಪಪ್ಪಾಯಿ, ನಿಂಬೆ, ಜೀಗುಜ್ಜೆ. ಮೂರನೆಯದು ತೋಟ ಮತ್ತು ಗದ್ದೆ. ನಾಲ್ಕನೆಯದು ಗುಡ್ಡೆಯ ಗೇರು, ಕಾಟುಮಾವು, ಹಲಸು, ಪುನರ್ಪುಳಿ, ಸೊಪ್ಪಿನ ಗಿಡಗಳು. ಐದನೇ ವಲಯವನ್ನು ಹಾಗೆಯೇ ಬಿಟ್ಟುಬಿಡಬೇಕು. ಕುಟುಂಬದ ನಾಗಬನ ಇದ್ದರೆ ಅದೇ ಐದನೇ ವಲಯ. ಅಲ್ಲಿನ ಮರ ಬಳ್ಳಿಗಳಲ್ಲಿರುವ ಹಕ್ಕಿ, ಜೇನು, ಕಣಜ ನಿಮ್ಮ ತೋಟಕ್ಕೇ ಕೆಲಸ ಮಾಡುತ್ತವೆ.

ವಲಯಗಳು ಪುಸ್ತಕದ ಚಿತ್ರದಂತೆ ವೃತ್ತವಾಗಿರಬೇಕಿಲ್ಲ. ಮನೆಯಿಂದ ಬಾವಿಗೆ ಹೋಗುವ ದಾರಿಯ ಎರಡೂ ಬದಿ, ಅದು ಎಷ್ಟೇ ಉದ್ದವಿರಲಿ, ಒಂದನೇ ವಲಯವೇ.

ಬಚ್ಚಲು ನೀರು

ಐದು ಜನರ ಮನೆಯಲ್ಲಿ ಸ್ನಾನ, ಬಟ್ಟೆ, ಪಾತ್ರೆಯಿಂದ ದಿನಕ್ಕೆ ಸುಮಾರು 300 ಲೀಟರ್ ನೀರು ಹೊರಗೆ ಬರುತ್ತದೆ. ಎರಡು ಮೀಟರ್ ಅಡ್ಡಳತೆಯ, ಎರಡೂವರೆ ಅಡಿ ಆಳದ ಗುಂಡಿ ತೋಡಿ, ಮಣ್ಣನ್ನು ಸುತ್ತ ದಿಬ್ಬ ಮಾಡಿ, ಗುಂಡಿಗೆ ತೆಂಗಿನ ಮಡಲು, ಅಡಿಕೆ ಸೋಗೆ, ತರಗೆಲೆ ತುಂಬಿ. ದಿಬ್ಬದ ಮೇಲೆ ನಾಲ್ಕು ಬಾಳೆ, ಒಂದು ಪಪ್ಪಾಯಿ, ನಡುನಡುವೆ ಕೆಸು. ಬಚ್ಚಲಿನ ಪೈಪ್ ಗುಂಡಿಯ ಕಸದ ಮೇಲೆ ಬೀಳಲಿ. ನೀರು ಮೇಲೆ ನಿಂತು ಕಂಡರೆ ಕಸ ಸಾಲದು ಎಂದರ್ಥ, ಸೊಳ್ಳೆಗೆ ಅಷ್ಟು ಸಾಕು.

ಮಳೆಗಾಲದಲ್ಲಿ ಇದು ಕೆಲಸ ಮಾಡುವುದಿಲ್ಲ. ಗುಂಡಿ ತುಂಬಿ ಬಾಳೆಯ ಗೆಡ್ಡೆ ಕೊಳೆಯುತ್ತದೆ. ಪೈಪಿಗೆ ಒಂದು ಟಿ ಜೋಡಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರನ್ನು ಮನೆಯ ಕೆಳಬದಿಯ ಕೆಸುವಿನ ಮಡಿಗೆ ತಿರುಗಿಸಿ. ಬಾವಿಯಿಂದ ಕನಿಷ್ಠ ಐವತ್ತು ಅಡಿ ದೂರ, ಬಾವಿಗಿಂತ ತಗ್ಗಿನಲ್ಲಿ ಈ ಗುಂಡಿ ಇರಬೇಕು.

ತೋಟದೊಳಗೆ: ಅಂತರ, ಬೆಳಕು, ಕಣಿ

ಪರ್ಮಾಕಲ್ಚರ್ ಎಂದ ಕೂಡಲೇ ಎಲ್ಲವನ್ನೂ ಒತ್ತೊತ್ತಾಗಿ ನೆಡುವುದು ಎಂಬ ತಿಳಿವಳಿಕೆ ಹಬ್ಬಿದೆ. ಕರಾವಳಿಯ ತೇವದಲ್ಲಿ ಒತ್ತಾಗಿ ನೆಟ್ಟ ತೋಟ ಶಿಲೀಂಧ್ರ ರೋಗಕ್ಕೆ ಆಹ್ವಾನ. ಅಡಿಕೆಗೆ 2.7 ಮೀಟರ್ ಅಂತರ, ತೆಂಗಿಗೆ 7.5 ಮೀಟರ್. ಇದರಲ್ಲಿ ರಾಜಿ ಬೇಡ. ನಕ್ಷೆಯಲ್ಲಿ ಪ್ರತಿ ಮರವನ್ನೂ ಬೆಳೆದು ನಿಂತಾಗಿನ ಅಗಲಕ್ಕೆ ಬಿಡಿಸಿ: ಹಲಸು, ಮಾವಿಗೆ ಹತ್ತು ಮೀಟರ್, ಗೇರಿಗೆ ಏಳೆಂಟು, ಪುನರ್ಪುಳಿಗೆ ಐದಾರು. ಸಸಿಯ ಗಾತ್ರ ನೋಡಿ ನೆಟ್ಟರೆ ಎಂಟನೇ ವರ್ಷ ಕೊಡಲಿ ಹಿಡಿಯಬೇಕಾಗುತ್ತದೆ.

ಬೆಳಕನ್ನು ಹಂಚುವುದೇ ಮಿಶ್ರ ತೋಟದ ಕೌಶಲ. ಎಳೆ ಅಡಿಕೆಗೆ ಮೊದಲ ಮೂರು ನಾಲ್ಕು ವರ್ಷ ಬಾಳೆಯ ನೆರಳು. ಅಡಿಕೆ ಎತ್ತರವಾದ ಮೇಲೆ ಎರಡು ಸಾಲಿಗೊಂದರಂತೆ ಕೊಕ್ಕೊ ಅಥವಾ ಅಲ್ಲಲ್ಲಿ ಜಾಯಿಕಾಯಿ. ಕಾಂಡ ಗಟ್ಟಿಯಾದ ಮರಗಳಿಗೆ ಕಾಳುಮೆಣಸು, ಅದನ್ನು ಮರದ ಉತ್ತರ ಅಥವಾ ಈಶಾನ್ಯ ಬದಿಗೆ, ಬುಡದಿಂದ ಎರಡೂವರೆ ಅಡಿ ದೂರದಲ್ಲಿ ಇಡಬೇಕು. ನೈಋತ್ಯ ಬದಿಗಿಟ್ಟ ಬಳ್ಳಿ ಬೇಸಿಗೆಯಲ್ಲಿ ಬಾಡುತ್ತದೆ. ನೆಲದಲ್ಲಿ ಸುವರ್ಣಗೆಡ್ಡೆ, ಅರಶಿನ.

ಇವೆಲ್ಲ ಬದುಕುವುದು ಕಣಿಯಿಂದ. ಕಣಿಯ ತಳ ಗಿಡದ ಗುಂಡಿಯ ತಳಕ್ಕಿಂತ ಅರ್ಧದಿಂದ ಒಂದು ಅಡಿ ಆಳದಲ್ಲಿರಬೇಕು. ಮೇ ತಿಂಗಳಲ್ಲಿ ಕಣಿ ಬಿಡಿಸದ ತೋಟದಲ್ಲಿ ಕಾಳುಮೆಣಸಿನ ಸೊರಗು ರೋಗ ಆಗಸ್ಟ್ ಒಳಗೆ ಬಂದೇ ಬರುತ್ತದೆ. ಮಿಶ್ರ ಬೆಳೆ ಇದ್ದರೂ ಅಡಿಕೆಯ ಕೊಳೆರೋಗ ತಪ್ಪುವುದಿಲ್ಲ. ಶೇಕಡಾ ಒಂದರ ಬೋರ್ಡೋ ದ್ರಾವಣ, ಅಂದರೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು, ಮಳೆ ಹಿಡಿಯುವ ಮುನ್ನ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ.

ನೀರು ಹಿಡಿದಿಡುವುದಕ್ಕೆ ಇರುವಂತೆಯೇ ಮುಚ್ಚಿಗೆಗೂ ಕಾಲ ಇದೆ. ದಪ್ಪ ತರಗೆಲೆ ಮುಚ್ಚಿಗೆಯನ್ನು ಜೂನ್‌ನಲ್ಲಿ ಬುಡಕ್ಕೆ ಒತ್ತಿದರೆ ಬುಡ ಕೊಳೆಯುತ್ತದೆ, ಬಸವನಹುಳಕ್ಕೆ ಅಡಗುತಾಣವಾಗುತ್ತದೆ. ಅಕ್ಟೋಬರ್‌ನಲ್ಲಿ, ನೆಲದಲ್ಲಿ ತೇವ ಇರುವಾಗ, ಬುಡದಿಂದ ಒಂದು ಗೇಣು ಬಿಟ್ಟು ಅರ್ಧ ಅಡಿ ದಪ್ಪ ಹಾಕಿ. ತೆಂಗಿನ ಸಿಪ್ಪೆ ಹೂಳುವುದಾದರೆ ಒಳಬದಿ ಮೇಲ್ಮುಖವಾಗಿರಲಿ, ನೀರು ಹಿಡಿದಿಡುತ್ತದೆ.

ಗೊಬ್ಬರದ ಲೆಕ್ಕ

ಮುರಕಲ್ಲು ಮಣ್ಣು ಹುಳಿ ಗುಣದ್ದು; ನಾಲ್ಕು ತಿಂಗಳ ಮಳೆ ಸುಣ್ಣ, ಪೊಟ್ಯಾಶ್‌ಗಳನ್ನು ತೊಳೆದುಬಿಡುತ್ತದೆ. ಮಣ್ಣು ಪರೀಕ್ಷೆಯನ್ನು ಮಂಗಳೂರು ಅಥವಾ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮಾಡಿಸಿ. ಗುಡ್ಡೆ, ತೋಟ, ಗದ್ದೆಗೆ ಬೇರೆ ಬೇರೆ ಮಾದರಿ ಕೊಡಬೇಕು. ಸುಣ್ಣ ಹಾಕಿ ಎರಡು ಮೂರು ವಾರ ಕಳೆದ ಮೇಲೆಯೇ ಗೊಬ್ಬರ. ಎರಡನ್ನೂ ಒಟ್ಟಿಗೆ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ.

ಸೊಪ್ಪಿಗೆ ಗ್ಲಿರಿಸಿಡಿಯಾಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಮೂರು ಅಡಿ ಉದ್ದದ ಗೆಲ್ಲನ್ನು ಮೊದಲ ಮಳೆಗೆ ಬೇಲಿಯುದ್ದಕ್ಕೂ ಊರಿ. ಬೇರೂರಿದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಕಡಿಯಬಹುದು, ಅದರ ಬೇರೂ ಮಣ್ಣಿಗೆ ಸಾರಜನಕ ಸೇರಿಸುತ್ತದೆ. ದನ ಸಾಕುವುದಾದರೆ ಮಲೆನಾಡು ಗಿಡ್ಡ ಈ ಮಳೆಗೆ, ಈ ಹುಲ್ಲಿಗೆ ಒಗ್ಗಿದ ತಳಿ. ಆದರೆ ಒಂದು ಘನ ಮೀಟರ್ ಗೋಬರ್ ಗ್ಯಾಸಿಗೆ ದಿನಕ್ಕೆ ಸುಮಾರು 25 ಕಿಲೋ ಸಗಣಿ ಬೇಕು. ಎರಡು ಗಿಡ್ಡಗಳ ಮೇಲೆ ಗ್ಯಾಸ್ ಸ್ಥಾವರ ಯೋಜಿಸಬೇಡಿ, ಹಟ್ಟಿಗೊಬ್ಬರಕ್ಕೆ ತೃಪ್ತರಾಗಿ.

ಗೊಬ್ಬರದ ಗುಂಡಿಯನ್ನು ಎಳೆ ತೆಂಗಿನ ಹತ್ತಿರ ಇಡುವುದು ಬಹಳ ಕಡೆ ಕಾಣುವ ತಪ್ಪು. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಡುವುದೇ ಕೊಳೆತ ಗೊಬ್ಬರದಲ್ಲಿ. ಗುಂಡಿ ಕೆದಕುವಾಗ ಸಿಗುವ ಬೆರಳುಗಾತ್ರದ ಬಿಳಿ ಹುಳಗಳನ್ನು ಕೋಳಿಗೆ ಹಾಕಿ. ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿ ಬೆರೆಸಿದರೆ ಗುಂಡಿಯೊಳಗೇ ಹುಳ ಸಾಯುತ್ತವೆ.

ಗದ್ದೆಯನ್ನು ತೋಟ ಮಾಡಬೇಕೇ?

ಅವಸರ ಬೇಡ. ತಗ್ಗಿನ ಗದ್ದೆ ಮಳೆಗಾಲದಲ್ಲಿ ನೀರನ್ನು ನಿಲ್ಲಿಸಿ ಇಂಗಿಸುವ ಜಾಗ. ಅದಕ್ಕೆ ಮಣ್ಣು ತುಂಬಿಸಿ ಅಡಿಕೆ ಹಾಕಿದರೆ ನಿಮ್ಮ ಮತ್ತು ನೆರೆಯವರ ಬಾವಿಯ ಮಟ್ಟ ಕೆಳಗೆ ಹೋಗುತ್ತದೆ. 25 ಸೆಂಟ್ಸಿನಲ್ಲಿ ಏಣೆಲು ಬೆಳೆಗೆ (ಮಳೆಗಾಲದ ಭತ್ತ) ಎಂಒ4 ತಳಿ ಅಥವಾ ಊರಿನ ತಳಿ, ನೀರು ಇಳಿದ ಮೇಲೆ ಉದ್ದು ಅಥವಾ ಅಲಸಂಡೆ, ಒಂದು ಮೂಲೆಯಲ್ಲಿ ಸೌತೆ, ಬದನೆ. ಹುಣಿಯ (ಗದ್ದೆಯ ಬದುವಿನ) ಮೇಲೆ ತೆಂಗು ಇರಬಹುದು, ನೆರಳು ಪೂರ್ವದ ಗದ್ದೆಗೆ ಬೀಳದಂತೆ ನೋಡಿ. ಮಳೆ ಹಿಂದೆ ಸರಿದ ಕೂಡಲೇ, ನವೆಂಬರ್ ಡಿಸೆಂಬರ್‌ನಲ್ಲಿ, ತೋಡಿಗೆ ಕಟ್ಟ ಕಟ್ಟಿದರೆ ಗದ್ದೆ, ತೋಟ ಎರಡರ ತೇವವೂ ಉಳಿಯುತ್ತದೆ. ಮೇಲೆ ಕೆಳಗೆ ಇರುವವರೆಲ್ಲ ಸೇರಿ ಸರಣಿಯಾಗಿ ಕಟ್ಟಿದರೇ ಇದರ ಪೂರ್ತಿ ಫಲ. ಒಬ್ಬರೇ ಕಟ್ಟಿದರೆ ಕೆಳಗಿನವರ ತಕರಾರು ಖಂಡಿತ, ಮೊದಲೇ ಮಾತಾಡಿಕೊಳ್ಳಿ.

ಗುಡ್ಡೆಯ ನೀರು ಹುಡುಕುವ ಹಟಕ್ಕೆ ಉದಾಹರಣೆ ಬೇಕಿದ್ದರೆ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿದ್ದಾರೆ. ಬೋಳುಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಮಾಡಿದ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರ ತೋಟದ ಪಾಠವೂ ಇದೇ ಕ್ರಮದ್ದು: ನೀರು ಮೊದಲು, ಗಿಡ ಆಮೇಲೆ.

ಯಾವ ವರ್ಷ ಯಾವ ಕೆಲಸ?

ಒಂದನೇ ವರ್ಷ ನೋಟ, ಅಳತೆ, ನಕ್ಷೆ, ಬೇಲಿ, ತರಕಾರಿ. ಮಣ್ಣಿನ ಕೆಲಸವನ್ನು ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಒಳಗೆ ಮಾಡಿ. ಆಗ ನೆಲ ಮೆದುವಾಗಿರುತ್ತದೆ. ಮಾರ್ಚ್‌ನಲ್ಲಿ ಮುರಮಣ್ಣು ಪಿಕಾಸಿಗೂ ಜಗ್ಗುವುದಿಲ್ಲ. ಮೇ ತಿಂಗಳಲ್ಲಿ ತೋಡಿದ ಹಸಿ ಮಣ್ಣು ಜೂನ್‌ಗೆ ತೋಡು ಸೇರುತ್ತದೆ. ಅಗೆದ ಕೂಡಲೇ ಬದುವಿನ ಮೇಲೆ ಅನಾನಸು, ಲಾವಂಚ ಊರಿ ಮೊದಲ ಬೇಸಿಗೆಗೆ ನೀರು ಕೊಡಿ.

ಎರಡನೇ ವರ್ಷ ಜೂನ್‌ನಲ್ಲಿ ನಿಧಾನವಾಗಿ ಬೆಳೆಯುವ ದೊಡ್ಡ ಮರಗಳು: ತೆಂಗು, ಹಲಸು, ಮಾವು, ಪುನರ್ಪುಳಿ, ಗುಡ್ಡೆಗೆ ಕಸಿ ಗೇರು. ಗೇರಿನ ತಳಿಗಳಿಗೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ, ಅಡಿಕೆಗೆ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರ ಹತ್ತಿರ. ಅದೇ ವರ್ಷ ನೈಋತ್ಯದ ನೆರಳು ಸಾಲು. ಹನಿ ನೀರಾವರಿ ಪೈಪ್ ಹಾಕಿ, ಬಾಳೆ ನೆಟ್ಟು ನೆರಳು ಸಿದ್ಧವಾದ ಮೇಲೆ ಮೂರನೇ ವರ್ಷ ಅಡಿಕೆ. ದನ ತರುವುದು ಹುಲ್ಲು ಸೊಪ್ಪು ಸಾಕಾಗುವಷ್ಟು ಬೆಳೆದ ಮೇಲೆ. ಹಿಂಡಿಯನ್ನೇ ನಂಬಿ ತಂದ ದನ ಎರಡನೇ ಬೇಸಿಗೆಗೆ ಮಾರಾಟವಾಗುತ್ತದೆ.

ಪ್ರತಿ ವರ್ಷ ಮೇ ಕೊನೆಯಲ್ಲಿ ಬಾವಿಯ ಆಳವನ್ನು ಅದೇ ಹಗ್ಗದಿಂದ ಅಳೆದು ದಿನಾಂಕದ ಜೊತೆ ಬರೆಯಿರಿ. ಎರಡು ವರ್ಷ ಸತತವಾಗಿ ಮಟ್ಟ ಕೆಳಗೆ ಹೋದರೆ ಮುಂದಿನ ಜೂನ್‌ಗೆ ಹೊಸ ಅಡಿಕೆ ಸಸಿ ತರಬೇಡಿ; ಆ ಹಣವನ್ನು ಕಣಿ, ಕೋಡಿ, ಗುಂಡಿಗಳ ದುರಸ್ತಿಗೆ ಹಾಕಿ.